ಅರ್ಧಕ್ಕೆ ನಿಂತ ಸಾಲು

ಕಣ್ಣು ತೆರೆದು ಕೂತ ಮನುಷ್ಯನಿಗೆ ‘ನೀನು ನಿದ್ದೆಯಲ್ಲಿದ್ದೀಯ’ ಎಂದು ಹೇಳುವ ಯಂತ್ರ ಗಣಿ ರೈಲಿಗೆ ಬಂದದ್ದು ಆ ವರ್ಷದ ಯುಗಾದಿಯ ಸುಮಾರಿಗೆ. ಅದರ ಹೆಸರು ಜಾಗರ. ಊದುಬತ್ತಿಯ ಡಬ್ಬಿಗಿಂತ ದೊಡ್ಡದೇನಲ್ಲ. ಎಂಜಿನ್ನಿನ ಕ್ಯಾಬಿನ್ನಿನಲ್ಲಿ ಚಾಲಕನ ತಲೆಯ ಮೇಲೆ, ದೇವರ ಪಟ ತೂಗುತ್ತಿದ್ದ ಮೊಳೆಗೇ ಅದನ್ನು ತೂಗುಹಾಕಿದರು. ಚಾಲಕರು ಪಟವನ್ನು ಪಕ್ಕಕ್ಕೆ ಸರಿಸಿಕೊಂಡರು. ಕಾಯುವವರು ಇಬ್ಬರಾದರೆ ಒಳ್ಳೆಯದೇ ಆಯಿತು ಎಂದು ಗಾದಿಲಿಂಗಪ್ಪ ಅಂದ.

ಕೆಂಪುಗುಡ್ಡದ ಗಣಿಗಳಿಂದ ಬಯಲಿನ ಉಕ್ಕಿನ ಕಾರ್ಖಾನೆಗೆ ಅದಿರು ಹೊರುವ ಆ ಮಾರ್ಗ ರಾಜ್ಯ ಸರ್ಕಾರದ್ದು. ಅದಕ್ಕೆ ರಾಜ್ಯದ್ದೇ ಸುರಕ್ಷತಾ ನಿಯಮಗಳಿದ್ದವು. ಹಳೆಯ ನಿಯಮ ಸರಳವಾಗಿತ್ತು: ಎಂಜಿನ್ನಿನಲ್ಲಿ ಇಬ್ಬರು ಇರತಕ್ಕದ್ದು, ಸಿಗ್ನಲ್ಲಿನ ಹೆಸರನ್ನು ಒಬ್ಬರು ಕೂಗಿದರೆ ಅದರ ಬಣ್ಣವನ್ನು ಇನ್ನೊಬ್ಬರು ಕೂಗತಕ್ಕದ್ದು. ಆದರೆ ಒಮ್ಮೆ ಜೋಡಿಯೊಂದು ಇಬ್ಬರೂ ತೂಕಡಿಸುತ್ತಲೇ, ಬಾಯಿಪಾಠ ಒಪ್ಪಿಸುವಂತೆ ಹಸಿರು ಹಸಿರು ಎಂದು ಕೂಗಿಕೊಂಡು ಹೋಗಿ ಕೆಂಪನ್ನು ದಾಟಿ ನಿಂತ ಗಾಡಿಗೆ ಗುದ್ದಿತು. ಆ ಚಾಲಕನ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಗಾದಿಲಿಂಗಪ್ಪನೂ ಒಬ್ಬ. ಆಮೇಲೆ ಹೊಸ ನಿಯಮ ಬಂತು: ಕೂಗುವ ದನಿ ಎಚ್ಚರದ ದನಿಯಾಗಿರತಕ್ಕದ್ದು. ಸಂಘದ ಸಭೆಯಲ್ಲಿ ಹಲವರು ಮುಖ ಸಿಂಡರಿಸಿದಾಗ, ಇದು ಇನ್ನೂ ಮೊದಲೇ ಬರಬೇಕಿತ್ತು ಎಂದು ಎದ್ದುನಿಂತು ಹೇಳಿದವನು ಅವನೇ.

ಕ್ಯಾಮೆರಾ ಇಟ್ಟರೆ ಸಾಲದೇ ಎಂದು ಕೇಳುವವರು ಆ ಮಾರ್ಗದಲ್ಲಿ ಒಂದು ಮಧ್ಯಾಹ್ನ ಕಳೆಯಬೇಕು. ಅದಿರಿನ ದೂಳಿಗೆ ಗಾಜು, ಹಣೆ, ಮಜ್ಜಿಗೆಯ ಲೋಟ ಎಲ್ಲಕ್ಕೂ ಕುಂಕುಮದ ಬಣ್ಣ ಬರುತ್ತದೆ. ಕಣ್ಣು ಕೈಕೊಡುವ ಕಡೆ ಕಿವಿ ಇಡೋಣ ಎಂದು ಯೋಚಿಸಿದವಳು ಹೊಸಪೇಟೆಯ ಪ್ರಯೋಗಶಾಲೆಯಲ್ಲಿದ್ದ ಮಂದಾಕಿನಿ ಸವದತ್ತಿ. ಅವಳ ತರ್ಕ ಹೀಗಿತ್ತು. ಎಚ್ಚರವಿರುವವನು ನೋಡುತ್ತಾನೆ, ನಿಶ್ಚಯಿಸುತ್ತಾನೆ, ಆಮೇಲೆ ಆಡುತ್ತಾನೆ. ಆದ್ದರಿಂದ ಅವನ ಮಾತಿನಲ್ಲಿ ಕೂದಲೆಳೆಯಷ್ಟು ತಡ, ಕೂದಲೆಳೆಯಷ್ಟು ಏರುಪೇರು ಇದ್ದೇ ಇರುತ್ತದೆ. ತೂಕಡಿಸುವವನ ಮಾತು ಮಗ್ಗಿಯಂತೆ ಒಂದೇ ಹದದಲ್ಲಿ ಬರುತ್ತದೆ. ಮುಂದಿನ ಶಬ್ದ ಯಾವ ಗಳಿಗೆಗೆ, ಯಾವ ಎತ್ತರದಲ್ಲಿ ಬರುತ್ತದೆಂದು ಜಾಗರ ಮೊದಲೇ ಊಹಿಸುತ್ತದೆ. ಊಹೆ ತಪ್ಪುತ್ತಿದ್ದರೆ ಬಿಳಿ ದೀಪ: ಇಲ್ಲಿ ಮನಸ್ಸು ಮಾತಾಡುತ್ತಿದೆ. ಊಹೆ ಸರಿಯಾಗುತ್ತಲೇ ಹೋದರೆ ನೀಲಿ ದೀಪ: ಇಲ್ಲಿ ಮಾತಾಡುತ್ತಿರುವುದು ಬರೀ ಅಭ್ಯಾಸ. ನೀಲಿ ಹೆಚ್ಚು ಹೊತ್ತು ಉಳಿದರೆ ಒಂದು ತೂಕಡಿಕೆ ಗುರುತು. ಮೂರನೆಯ ಗುರುತಿಗೆ ಚಾಲಕ ಎಂಜಿನ್ನಿನಿಂದ ಇಳಿಯತಕ್ಕದ್ದು. ಮರುಪರಿಶೀಲನೆಯಲ್ಲೂ ಗುರುತು ಉಳಿದರೆ ಮತ್ತೆ ಹತ್ತುವಂತಿಲ್ಲ.

ಜನ ಬೇಗ ಹೊಂದಿಕೊಂಡರು. ಸಿಗ್ನಲ್ ಕೂಗುವ ಮೊದಲು ಹಸಿಮೆಣಸಿನಕಾಯಿ ಕಚ್ಚಿದರೆ ದನಿ ಬಿಕ್ಕುತ್ತದೆ, ಎಗರುತ್ತದೆ, ಜಾಗರ ಖುಷಿಯಾಗಿ ಬೆಳ್ಳಗೆ ಬೆಳಗುತ್ತದೆ ಎಂಬುದನ್ನು ಎರ್ರಿಸ್ವಾಮಿ ಎಂಬ ಚಾಲಕ ಕಂಡುಹಿಡಿದ. ವಾರ ಕಳೆಯುವುದರೊಳಗೆ ಎಲ್ಲ ಚಾಲಕರ ಬುತ್ತಿಯಲ್ಲೂ ಮೆಣಸಿನಕಾಯಿ ಎದ್ದು ಕಂಡವು. ಗಾಡಿಗಳು ಕೆಮ್ಮುತ್ತ, ಸೀನುತ್ತ, ಕಣ್ಣೀರು ಸುರಿಸುತ್ತ ಗುಡ್ಡ ಇಳಿದವು. ಮಾರ್ಗದ ಸರಾಸರಿ ಎಚ್ಚರ ಏರಿದೆ ಎಂದು ರಾಜಧಾನಿಯಲ್ಲಿ ಸಂತೋಷಪಟ್ಟರು. ಇನ್ನು ಎಂಜಿನ್ನಿನಲ್ಲಿ ಎರಡನೆಯವರೇ ಬೇಡ, ಒಬ್ಬ ಚಾಲಕ ಮತ್ತು ಒಂದು ಜಾಗರ ಸಾಕು ಎಂಬ ತಿದ್ದುಪಡಿಯ ಮಾತೂ ಹುಟ್ಟಿತು.

ಗಾದಿಲಿಂಗಪ್ಪ ಮೆಣಸಿನಕಾಯಿ ಕಚ್ಚಲಿಲ್ಲ. ಅದು ಕಳ್ಳ ಎಚ್ಚರ ಎಂಬುದು ಅವನ ಮತ. ಹಾಗಾಗಿ ಅವನ ಕ್ಯಾಬಿನ್ನಿನಲ್ಲಿ ನೀಲಿ ದೀಪ ಉರಿಯಿತು.

ಅದಕ್ಕೊಂದು ಕಾರಣವಿತ್ತು, ಆದರೆ ಅದು ಅವನಿಗೆ ಗೊತ್ತಿರಲಿಲ್ಲ. ಪ್ರತಿ ಶ್ರಾವಣದಲ್ಲೂ ಮಠದ ಕಂಬಕ್ಕೊರಗಿ ಕೂತು, ಪುರಾಣ ಓದುವುದನ್ನು ಕೊನೆಯ ಮಂಗಳದವರೆಗೆ ಕೇಳಿ ಏಳುವವನು ಅವನು. ಅವನ ಸಹಾಯಕ ಚಾಲಕಿ ಹುಸೇನಬಿಯ ಅಜ್ಜ ಮೊಹರಮ್ಮಿನ ರಿವಾಯತ್ ಪದಗಳಿಗೆ ಹಿಮ್ಮೇಳ ನಿಲ್ಲುತ್ತಿದ್ದವನು. ಆ ಅಜ್ಜನ ಹೆಗಲ ಮೇಲೆ ಕೂತೇ ಅವಳು ಮಾತು ಕಲಿತದ್ದು. ಇಂಥ ಇಬ್ಬರು ವರ್ಷಗಟ್ಟಲೆ ಒಂದೇ ಹಾದಿಯಲ್ಲಿ ಒಬ್ಬರ ಮಾತಿಗೊಬ್ಬರು ಮಾತು ಜೋಡಿಸಿದ್ದರು. ಬೇಕೆಂದು ಪದ ಕಟ್ಟಿದವರಲ್ಲ. ಆದರೂ ಗುಡ್ಡ ಇಳಿದು ಹಳ್ಳದ ಹತ್ತಿರ ಬರುವಾಗ ಅವರ ಕೂಗು ಹೀಗಿರುತ್ತಿತ್ತು. ಅವಳು ‘ಗೇಟು ಮುಚ್ಚಿದೆ’ ಎಂದರೆ ಅವನು ‘ಸೇತು ಮುಂದಿದೆ’ ಎನ್ನುವನು. ಅವಳು ‘ದೂರ ಸಿಗ್ನಲು’ ಎಂದರೆ ಅವನು ‘ಹಸಿರು ತೋರಿದೆ’. ಮುಂದೆ ‘ಬಲಕೆ ಬಾಗಿದೆ’, ‘ಹಾದಿ ಮುಂದಕೆ’, ಕೊನೆಗೆ ಇಬ್ಬರೂ ಕೂಡಿ ‘ವೇಗ ತಗ್ಗಿಸಿ ಬಾ’.

ಎರಡು ಗುರುತಾದ ಮೇಲೆ ಕೂಗನ್ನು ಬದಲಿಸಲು ಅವನು ಪ್ರಯತ್ನಿಸಿದ. ಬಾಯಿ ಕೇಳಲಿಲ್ಲ.

ಮೂರನೆಯ ಗುರುತು ಬಿದ್ದದ್ದು ಒಂದು ಮಧ್ಯಾಹ್ನ. ತುಂಬಿದ ಗಾಡಿ ಇಳಿಜಾರಿನಲ್ಲಿತ್ತು. ದೂರದಿಂದಲೇ ಸಿಗ್ನಲ್ ಹಸಿರಾಗಿ ಕಂಡಿತ್ತು, ಇಬ್ಬರಿಗೂ. ಹುಸೇನಬಿ ‘ದೂರ ಸಿಗ್ನಲು’ ಎಂದು ಕೂಗಿ, ಸೇತುವೆಯ ಮೇಲೆ ಹಿಂದಿನ ವ್ಯಾಗನ್‌ಗಳನ್ನು ನೋಡಿಕೊಳ್ಳಬೇಕೆಂಬ ನಿಯಮದಂತೆ ಕಿಟಕಿಯಿಂದ ತಲೆ ಹೊರಹಾಕಿದಳು. ಗಾದಿಲಿಂಗಪ್ಪ ಬಾಯಿ ತೆರೆದ. ಮಾತು ಬರಲಿಲ್ಲ. ಕೈ ಬ್ರೇಕಿನ ಮೇಲಿತ್ತು.

ಗಾಡಿ ನರಳಿ ನಿಂತಿತು. ದೂಳು ಇಳಿಯಿತು. ಎದುರಿಗೆ ಸಿಗ್ನಲ್ ಹಸಿರಾಗಿಯೇ ಉರಿಯುತ್ತಿತ್ತು.

“ಯಾಕ ನಿಂತ್ವಿ ಕಾಕಾ?”

“ಗೊತ್ತಿಲ್ಲವ್ವ” ಎಂದ ಅವನು.

ಆಡದ ಮಾತನ್ನು ಜಾಗರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ; ಅಲ್ಲಿಯವರೆಗಿನ ಒಂದೇ ಹದದ ಕೂಗಿಗೆ ತಲೆಯ ಮೇಲೆ ನೀಲಿ ದೀಪ ಹತ್ತಿತು. ಕಂಟ್ರೋಲಿನವರು ಕಾರಣ ಕೇಳಿದಾಗ ಎಮ್ಮೆ ಅಡ್ಡ ಬಂತು ಅನ್ನಬಹುದಿತ್ತು. ಆ ಮಾರ್ಗದಲ್ಲಿ ಎಷ್ಟೋ ತಪ್ಪುಗಳನ್ನು ಎಮ್ಮೆಗಳು ಹೊತ್ತಿವೆ. ಅವನು ಕಾರಣ ಗೊತ್ತಿಲ್ಲ ಎಂದೇ ಹೇಳಿದ. ಸಿಗ್ನಲ್ ಹೇಗಿತ್ತು ಎಂದು ಹುಸೇನಬಿಯನ್ನು ಕೇಳಿದರು. ತಾನು ಕಂಡಂತೆ ಹಸಿರಿತ್ತು ಎಂದಳು. ಅದೂ ಸತ್ಯವೇ.

*

ಮನೆಗೆ ಬಂದವನ ಮುಖ ನೋಡಿ ಹೆಂಡತಿ ಹಂಪಮ್ಮ ಮೊದಲು ಜ್ವರವೆಂದುಕೊಂಡಳು. ಸಂಗತಿ ಕೇಳಿದ ಮೇಲೆ ಜಾಗರವನ್ನೂ ಅದನ್ನು ಹೆತ್ತವರನ್ನೂ ಸಾಕಷ್ಟು ಬೈದಳು. ಅವನು ಅವಳನ್ನು ತಡೆದ. ಯಂತ್ರದ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಅವನು ಅದನ್ನು ನಂಬಿದ್ದ. ಅವನ ಸಂಕಟವೆಲ್ಲ ಅಲ್ಲೇ ಇತ್ತು. ಕಾರಣವಿಲ್ಲದೆ ಕೈ ಬ್ರೇಕಿಗೆ ಹೋದದ್ದು ತಾನು ನಿದ್ದೆಯಿಂದ ಬೆಚ್ಚಿಬಿದ್ದದ್ದರಿಂದಲೇ ಇರಬೇಕು. ಹಾಗಾದರೆ ಈ ಹಿಂದೆ ಎಷ್ಟು ಸಲ ಬೆಚ್ಚದೆಯೇ ಮುಂದೆ ಹೋಗಿದ್ದನೋ! ಬೆನ್ನ ಹಿಂದೆ ಅಷ್ಟು ಭಾರ, ಹಳಿಯ ಮೇಲೆ ಕೆಲಸ ಮಾಡುವ ಗ್ಯಾಂಗಿನವರು, ಗೇಟು ದಾಟುವ ಶಾಲೆಯ ಮಕ್ಕಳು. ನೆನೆದು ಅವನು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಅಂದಿನಿಂದ ಅವನಿಗೊಂದು ವಿಚಿತ್ರ ಅಭ್ಯಾಸ ಶುರುವಾಯಿತು. ಅಕ್ಕಿಯಲ್ಲಿ ಕಲ್ಲು ಆರಿಸಿ ಹೆಂಡತಿಯ ಮುಂದಿಟ್ಟು, ಒಂದಾದರೂ ಬಿಟ್ಟಿದ್ದೇನೆಯೇ ನೋಡು ಎನ್ನುವನು. ಅಂಗಡಿಗೆ ಹೋಗಿ ಬಂದು, ದಾರಿಯಲ್ಲಿ ಯಾರ್ಯಾರು ಸಿಕ್ಕರೆಂದು ಒಪ್ಪಿಸುವನು. ನಿದ್ದೆ ಬರುವುದಕ್ಕೇ ಹೆದರಿ ಮಲಗುವುದನ್ನು ಬಿಟ್ಟ. ನಿದ್ದೆ ಯಾವುದು ಎಚ್ಚರ ಯಾವುದು ಎಂಬ ಗೆರೆಯೇ ಅಳಿಸಿಹೋದವನು ಕಣ್ಣು ಮುಚ್ಚುವುದಾದರೂ ಹೇಗೆ? ಒಂದು ಬೆಳಿಗ್ಗೆ ಊಟಕ್ಕೆ ಕೂತವನು, ತಾನು ಈಗ ಎಚ್ಚರವಿದ್ದೇನೆಯೇ ಎಂದು ಹೆಂಡತಿಯನ್ನು ನೇರವಾಗಿಯೇ ಕೇಳಿದ.

“ನಿದ್ದಿಗಣ್ಣಾಗ ಇರೋರು ಸಾರಿಗೆ ಉಪ್ಪು ಕಮ್ಮಿ ಆಗೈತಿ ಅಂತಾರೇನ್ರಿ?” ಅಂದಳು ಹಂಪಮ್ಮ.

“ಅನ್ನಬಹುದು. ನಾಲಿಗಿ ಬ್ಯಾರೆ, ಮನಸ್ಸು ಬ್ಯಾರೆ.”

ಅವಳು ಉಪ್ಪಿನ ಡಬ್ಬಿ ತಂದು ಮುಂದಿಟ್ಟು ಒಳಗೆ ಹೋದಳು. ಒಳಗೆ ಮೂಗೆಳೆದುಕೊಳ್ಳುವ ಸದ್ದು ಅವನಿಗೆ ಕೇಳಿಸಿತು.

ಹುಸೇನಬಿ ಬಂದದ್ದು ಅದೇ ದಿನ. ಮರುಪರಿಶೀಲನೆಗೆ ಚಾಲಕನೇ ಒಪ್ಪಿಗೆ ಕೊಡಬೇಕಿತ್ತು, ಅವನು ಕೊಟ್ಟಿರಲಿಲ್ಲ. ಗೆದ್ದು ಮತ್ತೆ ಎಂಜಿನ್ ಹತ್ತುವುದೇ ಅವನಿಗೆ ಭಯವಾಗಿತ್ತು. ಅವಳು ಹೊಸ್ತಿಲ ಹತ್ತಿರವೇ ಕೂತು ಹಂಪಮ್ಮ ಕೊಟ್ಟ ಚಹಾ ಕುಡಿದಳು. ತಾನು ಹಸಿರು ಅಂದದ್ದಕ್ಕೆ ಕಾಕಾನಿಗೆ ಬೇಸರವೇ ಎಂದು ಕೇಳಿದಳು. ಕಂಡದ್ದನ್ನು ಕಂಡಂತೆ ಹೇಳದಿದ್ದರೆ ನೀನು ಎಂಥ ಸಹಾಯಕಿ ಎಂದು ಅವನು ಅಂದ. ಅವಳು ಖಾಲಿ ಲೋಟವನ್ನು ಕೆಳಗಿಟ್ಟಳು.

“ನಾ ಹಿಂದಕ ತಿರುಗಿ ವ್ಯಾಗನ್ ನೋಡುವಾಗ ಮುಂದಿನ ಹಾದಿ ನನಗೆಲ್ಲಿ ಕಾಣತೈತಿ ಕಾಕಾ. ನಿಮ್ಮ ದನಿ ಹಿಡಕೊಂಡ ಇರ್ತೀನಿ. ನೀವು ನಿದ್ದಿ ಮಾಡಿದ್ರ ಮೊದಲು ನಾ ಬೀಳತಿದ್ದೆ.”

ಅವಳು ಚಹಾದ ಲೋಟವನ್ನು ತಾನೇ ತೊಳೆದಿಟ್ಟು, ನಾಳೆ ತನ್ನ ಜಾಗದಲ್ಲೂ ಆ ಡಬ್ಬಿಯನ್ನೇ ಕೂರಿಸುತ್ತಾರಂತೆ, ಅದಾದರೂ ಹಿಂದೆ ತಿರುಗಿ ನೋಡುತ್ತದೋ ಇಲ್ಲವೋ ಎಂದು ನಕ್ಕಳು. ಅವಳು ಬೀದಿಯ ತಿರುವಿಗೆ ಹೋಗುವುದರೊಳಗೆ ಅವನು ಕೂಗಿ ಕರೆದ. ಒಪ್ಪಿಗೆ ಕೊಟ್ಟ. ಆದರೆ ಒಂದು ಮಾತು ಹೇಳಿ ಕಳಿಸಿದ: ತನ್ನ ವಯಸ್ಸು ನೋಡಿ ಕನಿಕರ ಮಾಡಬಾರದು, ತೂಕಡಿಸಿದ್ದು ನಿಜವಾಗಿದ್ದರೆ ನಿಜವೆಂದೇ ಹೇಳಬೇಕು.

*

ಪ್ರಯೋಗಶಾಲೆಯಲ್ಲಿ ಮಂದಾಕಿನಿ ಆ ಜೋಡಿಯ ದನಿಯ ನಕ್ಷೆಯನ್ನು ತೆರೆದಾಗ ಅವಳಿಗೆ ಯಾವ ಸಂಶಯವೂ ಉಳಿಯಲಿಲ್ಲ. ಇಷ್ಟು ಸುಲಭವಾಗಿ ಊಹಿಸಬಹುದಾದ ದನಿಯನ್ನು ಜಾಗರ ಇನ್ನೆಲ್ಲೂ ಕೇಳಿರಲಿಲ್ಲ. ಅಲೆಯ ಮೇಲೆ ಅಲೆ ಅಚ್ಚು ಹೊಯ್ದಂತೆ ಬಂದಿತ್ತು. ಇದು ಗಾಢ ತೂಕಡಿಕೆಯಲ್ಲದೆ ಮತ್ತೇನು? ಗುರುತು ಉಳಿಯುತ್ತದೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ಧ್ವನಿಮುದ್ರಿಕೆಯನ್ನು ಹಾಗೇ ಓಡಲು ಬಿಟ್ಟು, ಕನ್ನಡಕ ತೆಗೆದಿಟ್ಟು ಗಿರ್ಮಿಟ್ ತಿನ್ನತೊಡಗಿದಳು.

ಸ್ವಲ್ಪ ಹೊತ್ತಿಗೆ ತನ್ನ ಎಡಗೈಯ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿರುವುದನ್ನು ಅವಳು ಕಂಡಳು.

ಮೂರು, ನಾಲ್ಕು. ಮೂರು, ನಾಲ್ಕು. ಗೇಟು ಮುಚ್ಚಿದೆ, ಸೇತು ಮುಂದಿದೆ. ಅವಳು ತಿನ್ನುವುದನ್ನು ನಿಲ್ಲಿಸಿದಳು. ಇದು ಭಾಮಿನಿ ಷಟ್ಪದಿಯ ನಡೆ. ಆದಿಪ್ರಾಸವಿಲ್ಲ, ಮಾತ್ರೆ ಮಾತ್ರ ಎಲ್ಲೂ ತಪ್ಪಿಲ್ಲ. ಧಾರವಾಡದ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅವಳ ತಾಯಿ ಕಾವ್ಯ ಓದುತ್ತಿದ್ದಳು. ಚಿಕ್ಕ ಮಂದಾಕಿನಿ ತಾಯಿಯ ತೊಡೆಯ ಮೇಲೆ ಮಂಪರಿನಲ್ಲಿರುತ್ತಿದ್ದಳು. ಅರ್ಥ ತಿಳಿಯುವ ವಯಸ್ಸಲ್ಲ. ಆದರೂ ತಾಯಿ ಎಲ್ಲಾದರೂ ಒಂದು ಅಕ್ಷರ ನುಂಗಿದರೆ ಸಾಕು, ಮೆಟ್ಟಿಲು ತಪ್ಪಿದಂತಾಗಿ ಕಣ್ಣು ತೆರೆದುಕೊಳ್ಳುತ್ತಿತ್ತು. ಹದವಾಗಿ ಬರುವ ದನಿ ನಿದ್ದೆಯ ದನಿಯೇ ಆಗಬೇಕೆಂದಿಲ್ಲ. ಹದ ಇರುವಲ್ಲಿಯೇ ಅದು ಕೆಟ್ಟದ್ದು ಮೊದಲು ತಿಳಿಯುವುದು. ಇಷ್ಟು ಗೊತ್ತಿದ್ದೂ ಯಂತ್ರಕ್ಕೆ ಅದನ್ನು ಕಲಿಸಲು ಅವಳಿಗೆ ತೋಚಿರಲಿಲ್ಲ.

ಆ ಮಧ್ಯಾಹ್ನದ ಭಾಗವನ್ನು ಅವಳು ಕಣ್ಣು ಮುಚ್ಚಿ ಮತ್ತೆ ಕೇಳಿದಳು. ‘ದೂರ ಸಿಗ್ನಲು’ ಎಂದು ಹುಸೇನಬಿ. ಆಮೇಲೆ ಮೌನ. ಆಮೇಲೆ ಬ್ರೇಕಿನ ಸದ್ದು. ಬೆರಳೆಣಿಸಿ ನೋಡಿದಳು. ಆ ಸದ್ದು ಬಿದ್ದದ್ದು, ‘ಹಸಿರು’ ಎಂಬ ಮಾತು ಬೀಳಬೇಕಾಗಿದ್ದ ತಾಣದಲ್ಲೇ. ಬೆಚ್ಚಿ ಎದ್ದವನ ಕೈ ತಡವಾಗುತ್ತದೆ. ಇವನದು ತಾಳಕ್ಕೆ ಸರಿಯಾಗಿ ಬಿದ್ದಿತ್ತು.

ಕೆಂಪು ಕಂಡಿದ್ದರೆ ಕೆಂಪು ಅನ್ನುತ್ತಿದ್ದ. ಹಳದಿ ಕಂಡಿದ್ದರೆ ಹಳದಿ. ಮಂದಾಕಿನಿ ಹಳೆಯ ಓಡಾಟಗಳ ಮುದ್ರಿಕೆ ಹಾಕಿದಳು. ಅಲ್ಲಿ ‘ಹಳದಿ ತೋರಿದೆ’ ಇತ್ತು, ‘ಕೆಂಪು ತೋರಿದೆ’ ಇತ್ತು. ಹಸಿರು, ಹಳದಿ, ಕೆಂಪು: ಮೂರೂ ಮೂರು ಮೂರು ಮಾತ್ರೆಯ ಮಾತುಗಳು. ಯಾವ ಬಣ್ಣ ಬಂದರೂ ಸಾಲು ತುಂಬುತ್ತದೆ. ಸಾಲು ಅರ್ಧಕ್ಕೆ ನಿಂತಿದೆ ಎಂದರೆ ಆ ಗಳಿಗೆಯಲ್ಲಿ ಅಲ್ಲಿ ಬಣ್ಣವೇ ಇರಲಿಲ್ಲ.

ಆರಿದ ಸಿಗ್ನಲ್ಲನ್ನು ಕೆಂಪೆಂದೇ ತಿಳಿದು ನಿಲ್ಲಬೇಕು ಎಂಬುದು ನಿಯಮದ ಮೊದಲ ಪುಟದ ಮಾತು. ಕಂಟ್ರೋಲಿನ ಅಧಿಕಾರಿಗೆ ಅವಳು ಫೋನು ಮಾಡಿದಳು. ದೀಪ ಆರಿದ ದಾಖಲೆ ಇಲ್ಲ ಎಂದು ಅವರು ಹೇಳಿದರು. ಕ್ಷಣಕಾಲದ ಏರಿಳಿತವನ್ನು ನಿಮ್ಮ ಗಣಕ ಲೆಕ್ಕಕ್ಕಿಲ್ಲದ್ದೆಂದು ಅಳಿಸಿಹಾಕುತ್ತದಲ್ಲವೇ ಎಂದು ಅವಳು ಕೇಳಿದಳು. ಹೌದು, ಅಳಿಸುತ್ತದೆ ಎಂದರು. ಅವಳು ಹೋಗಿ ನೋಡುವವರೆಗೆ ಅಲ್ಲಿ ಎಲ್ಲ ಗಾಡಿಗಳೂ ತೆವಳಿಕೊಂಡೇ ಬರಲಿ ಎಂದು ಆದೇಶವನ್ನೂ ಹೊರಡಿಸಿದರು.

*

ಮರುದಿನ ಬೆಳಿಗ್ಗೆ ಹಳ್ಳದ ಸೇತುವೆಯ ಹತ್ತಿರ, ಸಿಗ್ನಲ್ ಕಂಬದ ಕೆಳಗೆ ನಾಲ್ವರು ನಿಂತಿದ್ದರು. ಮಂದಾಕಿನಿ, ಗಾದಿಲಿಂಗಪ್ಪ, ಹುಸೇನಬಿ ಮತ್ತು ಉಪಕರಣದ ಚೀಲ ಹಿಡಿದ ಸಿಗ್ನಲ್ ಮೇಸ್ತ್ರಿ. ಮಂದಾಕಿನಿ ತನ್ನ ಅನುಮಾನವನ್ನು ಮುಚ್ಚಿಡದೆ ಹೇಳಿದ್ದಳು. ಗಾದಿಲಿಂಗಪ್ಪ ಮುಖವೆತ್ತಿ ದೀಪವನ್ನೇ ನೋಡುತ್ತಿದ್ದ. ಅದು ನಿಶ್ಚಲವಾಗಿ, ಯಾವ ತಪ್ಪೂ ಅರಿಯದಂತೆ ಹಸಿರಾಗಿತ್ತು.

ಮೊದಲ ಗಾಡಿ ಬಂತು. ಆದೇಶದಂತೆ ನಿಧಾನವಾಗಿ, ವ್ಯಾಗನ್ ಮೇಲೆ ವ್ಯಾಗನ್ ಎಳೆದುಕೊಂಡು ಅವರ ಮುಂದೆ ಸಾಗಿಹೋಯಿತು. ದೀಪ ಮಿಣುಕಲೂ ಇಲ್ಲ.

ಗಾದಿಲಿಂಗಪ್ಪ ತಲೆ ತಗ್ಗಿಸಿದ. ಮೇಡಂಗೆ ಬಿಸಿಲಲ್ಲಿ ತೊಂದರೆ ಕೊಟ್ಟಂತಾಯಿತು, ಹೊರಡೋಣ ಎಂದ. ಹುಸೇನಬಿ ಬೇರೆ ಕಡೆ ನೋಡಿದಳು. ಮಂದಾಕಿನಿ ಮಾತ್ರ ಹಳಿಯ ಪಕ್ಕದ ಜಲ್ಲಿಯ ಮೇಲೆ ಕೂತು, ನೆಲಕ್ಕೆ ಅಂಗೈ ಒತ್ತಿ ಏನೋ ಯೋಚಿಸಿದಳು. ತೆವಳುವ ಗಾಡಿಗೆ ನೆಲ ನಡುಗುವುದಿಲ್ಲ. ಅವತ್ತು ಇವರ ಗಾಡಿ ತೆವಳುತ್ತಿರಲಿಲ್ಲ. ಮತ್ತೆ ಕಂಟ್ರೋಲಿಗೆ ಮಾತಾಡಿದಳು: ಮುಂದಿನ ನಿಲ್ದಾಣದವರೆಗೆ ಹಾದಿ ಖಾಲಿಯಿದೆಯೆಂದು ಖಾತ್ರಿ ಮಾಡಿಕೊಂಡು, ಒಂದೇ ಒಂದು ತುಂಬಿದ ಗಾಡಿಯನ್ನು ಎಂದಿನ ವೇಗದಲ್ಲಿ ಬಿಡಬೇಕು.

ಬಂದವನು ಎರ್ರಿಸ್ವಾಮಿ. ಅವನ ಕ್ಯಾಬಿನ್ನಿನ ದನಿ ವಾಕಿಟಾಕಿಯಲ್ಲಿ ಇವರಿಗೂ ಕೇಳುತ್ತಿತ್ತು. ಕೆಮ್ಮು, ಬಿಕ್ಕಳಿಕೆ, ನಡುವೆ ನಡುವೆ ಸಿಗ್ನಲ್ಲಿನ ಹೆಸರು. ಗುಡ್ಡದ ತಿರುವಿನಲ್ಲಿ ಎಂಜಿನ್ ಕಂಡಿತು. ಮೊದಲು ಜಲ್ಲಿಯ ಸಣ್ಣ ಕಲ್ಲುಗಳು ಅಲುಗಿದವು. ಆಮೇಲೆ ಕಾಲಿನ ಕೆಳಗೆ ನೆಲ ಗುಂಯ್‌ಗುಟ್ಟಿತು. ಸೇತುವೆಯ ಕಬ್ಬಿಣಕ್ಕೆ ಗಾಲಿ ತಾಗುವ ಹೊತ್ತಿಗೆ ಕಂಬದ ಕೆಳಗಿನ ಪೆಟ್ಟಿಗೆ ಗಡಗಡ ಅಂದಿತು.

ಹಸಿರು ಆರಿತು.

ವಾಕಿಟಾಕಿಯಲ್ಲಿ ಎರ್ರಿಸ್ವಾಮಿ ಒಮ್ಮೆ ಕೆಮ್ಮಿ, ‘ಹಸಿರು’ ಎಂದು ಸ್ಪಷ್ಟವಾಗಿ ಕೂಗಿ ಮುಂದೆ ಹೋದ. ಅವನ ತಲೆಯ ಮೇಲೆ ಬಿಳಿ ದೀಪ ಉರಿಯುತ್ತಿದ್ದಿರಬೇಕು. ಅವನನ್ನು ದೂರಿ ಫಲವಿಲ್ಲ. ದೂರದಿಂದ ಅವನು ಹಸಿರನ್ನು ಕಂಡೇ ಇದ್ದ. ಕೊನೆಯ ವ್ಯಾಗನ್ ಸೇತುವೆ ಇಳಿದು, ನೆಲ ಸುಮ್ಮನಾದ ಮೇಲೆ ದೀಪ ಮತ್ತೆ ತಾನಾಗಿ ಹತ್ತಿಕೊಂಡಿತು. ಗಾಡಿ ನಿಂತರೂ ಹಾಗೇ ಹತ್ತಿಕೊಳ್ಳುತ್ತಿತ್ತು, ಅವತ್ತಿನಂತೆ.

ಗಾದಿಲಿಂಗಪ್ಪ ಮೆಲ್ಲಗೆ ಜಲ್ಲಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತ.

“ಬಣ್ಣ ಇರಲಿಲ್ಲ ಕಾಕಾ” ಅಂದಳು ಹುಸೇನಬಿ.

“ಇರಲಿಲ್ಲವ್ವ,” ಎಂದ ಅವನು. ಆಮೇಲೆ ತನಗೇ ಹೇಳಿಕೊಳ್ಳುವಂತೆ, “ಅವತ್ತೂ ಇರಲಿಲ್ಲ. ನಾ ಎಚ್ಚರ ಇದ್ದೆ.”

ಮೇಸ್ತ್ರಿ ಪೆಟ್ಟಿಗೆ ತೆರೆದ. ಒಳಗೆ ತಂತಿಯೊಂದು ಸಡಿಲವಾಗಿ, ತಾಗಿಯೂ ತಾಗದಂತೆ ನಿಂತಿತ್ತು. ಒಂದು ತಿರುಪು ಬಿಗಿ ಮಾಡುವ ಕೆಲಸ. ಅದು ಮುಗಿಯುವವರೆಗೆ ಮಾರ್ಗವನ್ನೇ ನಿಲ್ಲಿಸಿದರು. ಸಿಗ್ನಲ್ ಮೊದಲೇ ಕೆಂಪಿದ್ದರೆ ಚಾಲಕ ಅದನ್ನು ದೂರದಿಂದಲೇ ಕಂಡು ನಿಲ್ಲುತ್ತಿದ್ದ, ಸರಿ. ಆದರೆ ಮುಂದೆ ಗ್ಯಾಂಗಿನವರಿದ್ದು, ಹಸಿರು ಕೆಂಪಾಗುವ ಗಳಿಗೆಯಲ್ಲೇ ದೀಪ ಆರಿದ್ದರೆ? ಮೇಸ್ತ್ರಿ ತಿರುಪನ್ನು ಇನ್ನೊಂದು ಸುತ್ತು ಬಿಗಿ ಮಾಡಿದ.

ಗುರುತು ಮೂರನ್ನೂ ತೆಗೆದುಹಾಕಿರುವುದಾಗಿ ಮಂದಾಕಿನಿ ಅಲ್ಲಿಂದಲೇ ತಿಳಿಸಿದಳು. ಜಾಗರ ಇನ್ನು ದನಿ ಎಷ್ಟು ಏರುಪೇರಾಗುತ್ತದೆ ಎಂದು ಅಳೆಯುವುದಿಲ್ಲ, ಎಲ್ಲಿ ಮುರಿಯುತ್ತದೆ ಎಂದು ಕಿವಿಗೊಡುವುದನ್ನು ಕಲಿಯಬೇಕು ಎಂದಳು. ಮುರಿದದ್ದು ತಿಳಿಯಲು ಜೋಡಿ ದನಿ ಬೇಕು. ಆದ್ದರಿಂದ ಎಂಜಿನ್ನಿನಲ್ಲಿ ಇಬ್ಬರು ಇರತಕ್ಕದ್ದು ಎಂಬ ಮಾತನ್ನು ನಿಯಮದಿಂದ ಅಳಿಸಬಾರದೆಂದು ತಾನೇ ರಾಜಧಾನಿಗೆ ಹೋಗಿ ಹೇಳುವುದಾಗಿಯೂ ಅಂದಳು. ಹುಸೇನಬಿ ಸೆರಗಿನಿಂದ ಮುಖದ ದೂಳು ಒರೆಸಿಕೊಂಡಳು. ಆ ನೆಪದಲ್ಲಿ ಕಣ್ಣನ್ನೂ. ಸುದ್ದಿ ಕೇಳಿದ ಎರ್ರಿಸ್ವಾಮಿ ವಾಕಿಟಾಕಿಯಲ್ಲೇ, ಹಾಗಾದರೆ ಇನ್ನು ನಾವೆಲ್ಲ ಷಟ್ಪದಿ ಕಲಿಯಬೇಕೇ, ಮೆಣಸಿನಕಾಯಿಯೇ ಸುಲಭವಿತ್ತಲ್ಲ ಎಂದು ಗೋಳಾಡಿದ. ಬಹಳ ದಿನಗಳ ಮೇಲೆ ಗಾದಿಲಿಂಗಪ್ಪ ನಕ್ಕ. ಹಂಪಮ್ಮನಿಗೆ ಫೋನು ಮಾಡಿ, ಮಧ್ಯಾಹ್ನ ಊಟಕ್ಕೆ ಬರುತ್ತೇನೆ ಎಂದಷ್ಟೇ ಹೇಳಿದ. ಆ ಕಡೆ ಅವಳಿಗೆ ಅಷ್ಟೇ ಸಾಕಾಯಿತು.

ವಾಪಸು ಬರುವಾಗ ಅವನು ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದ. ಪರೀಕ್ಷೆಗೆಂದು ತಂದಿದ್ದ ಜಾಗರದ ಡಬ್ಬಿ ಅವನ ಪಕ್ಕದಲ್ಲೇ ಇತ್ತು, ಆರಿಸಿರಲಿಲ್ಲ. ಊರ ಹೊರಗಿನ ಜಾಲಿ ಗಿಡಗಳು ದಾಟುವುದರೊಳಗೆ ಅವನ ತಲೆ ವಾಲಿತು. ಬಾಯಿ ತೆರೆಯಿತು. ಗೊರಕೆ ಶುರುವಾಯಿತು: ಒಮ್ಮೆ ಗರಗಸ ಎಳೆದಂತೆ, ಒಮ್ಮೆ ನಿಂತೇ ಹೋದಂತೆ, ಮತ್ತೆಲ್ಲಿಂದಲೋ ಸೀಟಿ ಊದಿದಂತೆ. ಯಾವ ತಾಳಕ್ಕೂ ಸಿಗದ ಗೊರಕೆ.

ಮಂದಾಕಿನಿ ತಿರುಗಿ ನೋಡಿದಳು. ಜಾಗರ ಬೆಳ್ಳಗೆ, ತುಂಬು ಬೆಳಕಿನಲ್ಲಿ ಉರಿಯುತ್ತಿತ್ತು. ಇಷ್ಟು ಎಚ್ಚರದ ಮನುಷ್ಯನನ್ನು ಅದು ಈವರೆಗೆ ಕಂಡಿರಲಿಲ್ಲ.

ಹುಸೇನಬಿಯೂ ಅದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಮಂದಾಕಿನಿ ಕೈಚಾಚಿ ಡಬ್ಬಿಯನ್ನು ಆರಿಸಿದಳು. ಮುಂದೆ ಹೊಂಡಗಳಿವೆ, ಮೆಲ್ಲಗೆ ಹೋಗು ಎಂದು ಜೀಪಿನವನಿಗೆ ಹೇಳಿದಳು.